ಗುಮಾಸ್ತನ ಕೊನೆಯ ತ್ರೈರಾಶಿ

ನಿವೃತ್ತಿಯ ಬಗ್ಗೆ ನಾವು ಓದುವ ಬರಹಗಳಲ್ಲಿ ಹೆಚ್ಚಿನವು ಸಮಾಧಾನ ಹೇಳುವಂಥವು. ಇನ್ನು ಮೊಮ್ಮಕ್ಕಳೊಡನೆ ಆಡಬಹುದು, ಊರು ಸುತ್ತಬಹುದು, ಓದದೆ ಇಟ್ಟ ಪುಸ್ತಕಗಳನ್ನು ಓದಬಹುದು ಎಂದು ಅವು ಹೇಳುತ್ತವೆ. ಬೀಳ್ಕೊಡುಗೆಯ ದಿನ ಹಾರ, ಶಾಲು ಹೊದಿಸಿ ಆಡುವ ಮಾತೂ ಇದೇ. ಕೇಳಿಸಿಕೊಳ್ಳುವವನ ಒಳಗಿನ ಭಯವನ್ನು ಮಾತ್ರ ಅವು ಮುಟ್ಟುವುದಿಲ್ಲ. ಚಾರ್ಲ್ಸ್ ಲ್ಯಾಂಬ್ 1825ರಲ್ಲಿ ಬರೆದ ‘ದ ಸೂಪರಾನ್ಯುಯೇಟೆಡ್ ಮ್ಯಾನ್’ ಎಂಬ ಪ್ರಬಂಧವನ್ನು ಇಂದಿಗೂ ಓದಬೇಕಾದ್ದು ಅದು ಆ ಭಯವನ್ನು ಮುಟ್ಟುತ್ತದೆ ಎಂಬ ಕಾರಣಕ್ಕೆ.

ಲ್ಯಾಂಬ್ ಲಂಡನ್ನಿನ ಈಸ್ಟ್ ಇಂಡಿಯಾ ಕಂಪನಿಯ ಲೆಕ್ಕಪತ್ರ ವಿಭಾಗದಲ್ಲಿ ಗುಮಾಸ್ತನಾಗಿದ್ದ. 1792ರಲ್ಲಿ ಸೇರಿದವನು 1825ರ ಮಾರ್ಚ್ 29ರಂದು ಹೊರಬಂದ. ಆಗ ಅವನಿಗೆ ಐವತ್ತು ವರ್ಷ. ಪ್ರಬಂಧ ಅದೇ ಮೇ ತಿಂಗಳಲ್ಲಿ ‘ಲಂಡನ್ ಮ್ಯಾಗಜೀನ್’ನಲ್ಲಿ ಬಂತು. ಎಂದಿನಂತೆ ಅವನು ‘ಈಲಿಯ’ ಎಂಬ ಮುಖವಾಡ ತೊಟ್ಟಿದ್ದಾನೆ. ಕಂಪನಿಯ ಜಾಗದಲ್ಲಿ ಒಂದು ಖಾಸಗಿ ವ್ಯಾಪಾರಿ ಸಂಸ್ಥೆಯಿದೆ, ಮೂವತ್ತಮೂರು ವರ್ಷ ಮೂವತ್ತಾರಾಗಿದೆ. ಆದರೆ ಮುಖವಾಡದ ಹಿಂದಿನ ಅನುಭವ ಬಿಸಿಬಿಸಿಯಾದದ್ದು; ಕೆಲಸ ಬಿಟ್ಟು ಕೆಲವೇ ವಾರಗಳಲ್ಲಿ ಬರೆದದ್ದು.

ಪ್ರಬಂಧದ ಮೊದಲ ಭಾಗದಲ್ಲಿ ಇರುವುದು ನಿವೃತ್ತಿಯ ಭಯವಲ್ಲ, ಕೆಲಸದ ಭಯ. ಹದಿನಾಲ್ಕನೇ ವಯಸ್ಸಿಗೆ ಶಾಲೆಯ ಆಟದಿಂದ ಕಚೇರಿಯ ಮೇಜಿಗೆ ಬಂದ ಹುಡುಗ, ಬೋನಿಗೆ ಒಗ್ಗಿಕೊಳ್ಳುವ ಕಾಡುಪ್ರಾಣಿಯಂತೆ ನಿಧಾನವಾಗಿ ಒಗ್ಗಿಕೊಳ್ಳುತ್ತಾನೆ. ವರ್ಷಕ್ಕೊಮ್ಮೆ ಬೇಸಗೆಯಲ್ಲಿ ಸಿಗುವ ಒಂದು ವಾರದ ರಜೆ, ಅದನ್ನು ಹೇಗೆ ಕಳೆಯಬೇಕು ಎಂದು ಚಡಪಡಿಸುವುದರಲ್ಲೇ ಮುಗಿಯುತ್ತದೆ. ವಯಸ್ಸಾದಂತೆ ಹೊಸ ಅಳುಕೊಂದು ಸೇರುತ್ತದೆ: ತಾನು ಈ ಕೆಲಸಕ್ಕೆ ಯೋಗ್ಯನಲ್ಲವೇನೋ ಎಂಬುದು. ಹಗಲಿಡೀ ಲೆಕ್ಕ ಬರೆದವನು ರಾತ್ರಿ ನಿದ್ದೆಯಲ್ಲೂ ತಪ್ಪು ನಮೂದುಗಳನ್ನು ಕಂಡು ಬೆಚ್ಚಿ ಏಳುತ್ತಾನೆ. ಕೊನೆಗೆ ಮಾಲೀಕರು ಒಳಗೆ ಕರೆದಾಗ ಕೆಲಸ ಹೋಯಿತು ಎಂದೇ ಅವನು ತಿಳಿಯುತ್ತಾನೆ. ಅವರು ಕೊಡುವುದು ಜೀವಮಾನವಿಡೀ ಸಂಬಳದ ಮೂರನೇ ಎರಡು ಪಾಲಿನ ಪಿಂಚಣಿ. ಏನೋ ತೊದಲಿ, ತಲೆಬಾಗಿ, ಎಂಟು ಗಂಟೆ ಹತ್ತು ನಿಮಿಷಕ್ಕೆ ಅವನು ಮನೆಗೆ ಹೊರಡುತ್ತಾನೆ. ಶಾಶ್ವತವಾಗಿ ಹೊರಡುವವನೂ ಗಡಿಯಾರ ನೋಡಿಯೇ ಹೊರಡುತ್ತಾನೆ. ಇಡೀ ಪ್ರಬಂಧ ಈ ಒಂದು ವಿವರದಲ್ಲಿ ಅಡಗಿದೆ.

ನಿವೃತ್ತಿಯ ಭಯ ಬರುವುದು ಆಮೇಲೆ. ಸೆರೆಮನೆಯಿಂದ ನಲವತ್ತು ವರ್ಷದ ನಂತರ ಬಿಟ್ಟ ಕೈದಿಯಂತೆ ಅವನಿಗೆ ದಿಕ್ಕು ತೋಚುವುದಿಲ್ಲ. ತಾನು ಸುಖಿ ಎಂದುಕೊಂಡು ಓಡಾಡುತ್ತಾನೆ. ಅಲ್ಲ ಎಂಬುದೂ ಅವನಿಗೆ ಗೊತ್ತು. ಹಳೆಯ ಕಚೇರಿಗೆ ಹೋಗುತ್ತಾನೆ. ಅವನ ಮೇಜಿನಲ್ಲಿ ಬೇರೊಬ್ಬ ಕೂತಿದ್ದಾನೆ, ಅವನು ಟೋಪಿ ತೂಗುಹಾಕುತ್ತಿದ್ದ ಗೂಟ ಇನ್ನೊಬ್ಬನ ಪಾಲಾಗಿದೆ. ಜೊತೆಗೆ ದುಡಿದವರನ್ನು ಬಿಟ್ಟುಬಂದೆನೆಂಬ ಅಪರಾಧಿ ಭಾವವೂ ಇಣುಕುತ್ತದೆ. ವಾರದ ದಿನಗಳಿಗೆ ಬಣ್ಣವೇ ಇಲ್ಲವಾಗಿದೆ. ಮೊದಲು ಬುಧವಾರಕ್ಕೆ ಬುಧವಾರದ ಭಾವ, ಶನಿವಾರ ರಾತ್ರಿಗೆ ಅದರದೇ ಹಿಗ್ಗು ಇತ್ತು. ಈಗ ಎಲ್ಲ ದಿನವೂ ಒಂದೇ. ಲ್ಯಾಂಬ್ ಇಲ್ಲಿ ಕಾಣಿಸುವ ಸತ್ಯ ಕಹಿಯಾದದ್ದು. ಕೆಲಸ ನಮ್ಮ ಸಮಯವನ್ನು ತಿನ್ನುವುದರ ಜೊತೆಗೆ ಸಮಯಕ್ಕೆ ರುಚಿಯನ್ನೂ ಕೊಟ್ಟಿರುತ್ತದೆ. ನಿವೃತ್ತನು ಹೆದರುವುದು ಬಿಡುವಿಗಲ್ಲ, ರುಚಿಯಿಲ್ಲದ ಬಿಡುವಿಗೆ.

ಅವನು ಇದನ್ನು ದಾಟುವ ಬಗೆ ಕುತೂಹಲಕಾರಿ. ಉಪದೇಶದಿಂದ, ದೇವರ ಧ್ಯಾನದಿಂದ ದಾಟುವುದಿಲ್ಲ, ಲೆಕ್ಕದಿಂದ ದಾಟುತ್ತಾನೆ. ಐವತ್ತು ವರ್ಷದಲ್ಲಿ ಬೇರೆಯವರಿಗಾಗಿ ಬದುಕಿದ ಗಂಟೆಗಳನ್ನು ಕಳೆದರೆ ತಾನಿನ್ನೂ ಯುವಕ ಎನ್ನುತ್ತಾನೆ. ಮುಂದಿನ ಹತ್ತು ವರ್ಷ ಪೂರ್ತಿ ತನ್ನದಾದ್ದರಿಂದ ಅದು ಹಿಂದಿನ ಮೂವತ್ತಕ್ಕೆ ಸಮ. ನೇರವಾದ ತ್ರೈರಾಶಿ ಲೆಕ್ಕ! ಇದನ್ನು ಬರೀ ತಮಾಷೆ ಎಂದು ಓದಿ ಮುಂದೆ ಹೋಗುವುದು ಸುಲಭ. ನನಗೆ ಇದೇ ಪ್ರಬಂಧದ ತಿರುಳು. ರಾತ್ರಿ ಬೆಚ್ಚಿಬೀಳಿಸುತ್ತಿದ್ದ ಅದೇ ಲೆಕ್ಕವನ್ನು ಗುಮಾಸ್ತ ಮೊದಲ ಬಾರಿಗೆ ತನ್ನ ಪರವಾಗಿ ಹಾಕುತ್ತಿದ್ದಾನೆ. ಕಚೇರಿ ಕಲಿಸಿದ್ದನ್ನು ಅವನು ಬಿಸುಡುವುದಿಲ್ಲ, ತನ್ನದಾಗಿಸಿಕೊಳ್ಳುತ್ತಾನೆ.

ಪ್ರಬಂಧದ ಕೊನೆ ಮಾತ್ರ ನನಗೆ ಒಪ್ಪಿಗೆಯಾಗದು. ಅಲ್ಲಿ ಈಲಿಯ ಏನೂ ಮಾಡದಿರುವುದನ್ನೇ ಪರಮಸುಖವೆಂದು ಸಾರುತ್ತಾನೆ; ತನಗೊಬ್ಬ ಮಗನಿದ್ದಿದ್ದರೆ ಅವನಿಗೆ ಅದೇ ಅರ್ಥದ ಹೆಸರಿಡುತ್ತಿದ್ದೆ ಎನ್ನುತ್ತಾನೆ. ಮಧ್ಯಭಾಗದಲ್ಲಿ ಅಷ್ಟು ನಿಜವಾಗಿ ಕಂಡ ತಳಮಳಕ್ಕೆ ಈ ಉತ್ತರ ಸಾಲದು. ಮುಖವಾಡ ಇಲ್ಲಿ ಮುಖಕ್ಕಿಂತ ಹೆಚ್ಚು ನಗುತ್ತಿದೆ. ಲ್ಯಾಂಬನ ಬದುಕೂ ಇದನ್ನು ಒಪ್ಪಲಿಲ್ಲ. 1826ರಲ್ಲಿ ಅವನು ಬ್ರಿಟಿಷ್ ಮ್ಯೂಸಿಯಮ್ಮಿಗೆ ಹೋಗಿ, ನಟ ಗ್ಯಾರಿಕ್‌ನ ಸಂಗ್ರಹದ ಹಳೆಯ ನಾಟಕಗಳನ್ನು ಕಚೇರಿಗೆ ಹೋದಷ್ಟೇ ನಿಷ್ಠೆಯಿಂದ ಓದಿ, ಆಯ್ದ ಭಾಗಗಳನ್ನು ಬರೆದುಕೊಳ್ಳತೊಡಗಿದ. 1829ರಲ್ಲಿ ಗೆಳೆಯ ಬರ್ನಾರ್ಡ್ ಬಾರ್ಟನ್ನನಿಗೆ ಬರೆದ ಪತ್ರದಲ್ಲಿ, ಅತಿಯಾದ ಕೆಲಸಕ್ಕಿಂತ ಕೆಲಸವಿಲ್ಲದಿರುವುದು ಹೆಚ್ಚು ಕೆಟ್ಟದ್ದು ಎಂದು ಒಪ್ಪಿಕೊಂಡ. ಪ್ರಬಂಧ ಹೇಳದೆ ಬಿಟ್ಟದ್ದನ್ನು ಮ್ಯೂಸಿಯಮ್ಮಿನ ಆ ಓದು ಹೇಳುತ್ತದೆ: ದಿನಕ್ಕೊಂದು ಚೌಕಟ್ಟು ಬೇಕು, ಆದರೆ ಅದನ್ನು ನಾವೇ ಕಟ್ಟಿಕೊಂಡಿರಬೇಕು.

ಇನ್ನೊಂದು ಮಾತು. ಈ ಭಯವನ್ನು ನಗುತ್ತಾ ದಾಟಲು ಲ್ಯಾಂಬನಿಗೆ ವರ್ಷಕ್ಕೆ 441 ಪೌಂಡಿನ ಪಿಂಚಣಿಯಿತ್ತು. ಲೆಕ್ಕಕ್ಕೆ ಅದು 450. ತಾನು ಹೋದ ಮೇಲೆ ಅಕ್ಕ ಮೇರಿಯ ಬದುಕು ನಡೆಯಲೆಂದು ಒಂಬತ್ತು ಪೌಂಡು ಮುರಿದುಕೊಳ್ಳುತ್ತಿದ್ದರು. 1823ರಲ್ಲಿ ಇದೇ ಬಾರ್ಟನ್ ಬ್ಯಾಂಕಿನ ಕೆಲಸ ಬಿಟ್ಟು ಬರವಣಿಗೆಯಿಂದಲೇ ಬದುಕಲು ಯೋಚಿಸಿದಾಗ, ಬೇಡವೇ ಬೇಡ ಎಂದು ತಡೆದವನೂ ಲ್ಯಾಂಬನೇ. ಹಣದ ಭಯ ಬೇರೆ, ಬಿಡುವಿನ ಭಯ ಬೇರೆ. ಮೊದಲನೆಯದು ತೀರಿದವರಿಗಷ್ಟೇ ಎರಡನೆಯದರ ಬಗ್ಗೆ ಪ್ರಬಂಧ ಬರೆಯುವ ಪುರುಸೊತ್ತು. ಪಿಂಚಣಿಯಿಲ್ಲದೆ ದುಡಿದು ಹಣ್ಣಾದವರಿಗೆ ಈ ಪ್ರಬಂಧದಲ್ಲಿ ಜಾಗವಿಲ್ಲ ಎಂಬುದನ್ನು ಮರೆಯದೆ ಓದಬೇಕು.

ಲ್ಯಾಂಬ್ 1834ರ ಡಿಸೆಂಬರ್ 27ರಂದು ತೀರಿಕೊಂಡ. ಎಣಿಸಿದ್ದ ಹತ್ತು ವರ್ಷಕ್ಕೆ ಮೂರು ತಿಂಗಳು ಕಡಿಮೆ. ಅಕ್ಕನ ಕಾಯಿಲೆ, ಗೆಳೆಯ ಕೋಲ್‌ರಿಜ್‌ನ ಸಾವು ಎಲ್ಲವೂ ಆ ಅವಧಿಯಲ್ಲೇ ಬಂದವು. ಆ ಹತ್ತು ಮೂವತ್ತಕ್ಕೆ ಸಮವಾಯಿತೆಂದು ಹೇಳಲು ಬರುವುದಿಲ್ಲ. ಆದರೂ ಉಳಿದ ವರ್ಷಗಳನ್ನು ಹೀಗೂ ಎಣಿಸಬಹುದೆಂದು ತೋರಿಸಿಕೊಟ್ಟವನು ಅವನು. ಕಂಪನಿಯ ಕಪಾಟಿನಲ್ಲಿ ಅವನು ತುಂಬಿಸಿಟ್ಟ ಲೆಡ್ಜರುಗಳಿಗಿಂತ ಈ ಒಂದು ಲೆಕ್ಕ ಹೆಚ್ಚು ಕಾಲ ಬಾಳಿದೆ.