ತೆರೆಯ ಮೇಲೆ ‘ನಾಗಮಂಡಲ’

ಜಯನಗರದ ಭಕ್ತರೊಬ್ಬರ ಮನೆಯಲ್ಲಿ ಪ್ರವಚನ ಮುಗಿದ ತರುವಾಯ ತಾಯಿಯೊಬ್ಬರು ಸಂಕೋಚದಿಂದಲೇ ನಮ್ಮನ್ನು ಪ್ರಶ್ನಿಸಿದರು: “ಬುದ್ಧೀ, ‘ನಾಗಮಂಡಲ’ ಚಲನಚಿತ್ರವನ್ನು ಬೆಳೆದ ಹೆಣ್ಣುಮಕ್ಕಳೊಡನೆ ನೋಡಬಹುದೆ? ಗಂಡನಲ್ಲದವನೊಡನೆ ಬಾಳಿದವಳನ್ನು ದೇವಿಯೆಂದು ಕೊಂಡಾಡುವುದು ಸರಿಯೆ?” ಪ್ರಶ್ನೆ ಹಗುರವಾದುದಲ್ಲ. ಆದುದರಿಂದ ಉತ್ತರವನ್ನು ವಾಚಕರೆಲ್ಲರ ಮುಂದಿಡುತ್ತಿದ್ದೇವೆ.

ಎ. ಕೆ. ರಾಮಾನುಜನ್ ಅವರಿಂದ ಕೇಳಿದ ಎರಡು ಜನಪದ ಕಥೆಗಳನ್ನು ಹೆಣೆದು ಗಿರೀಶ ಕಾರ್ನಾಡರು 1988ರಲ್ಲಿ ಈ ನಾಟಕವನ್ನು ರಚಿಸಿದರು. 1997ರಲ್ಲಿ ಟಿ. ಎಸ್. ನಾಗಾಭರಣರು ಅದನ್ನು ತೆರೆಗೆ ತಂದರು. ಚಿತ್ರದ ಗುಣಗಳನ್ನು ಮೊದಲು ಹೇಳುವುದು ನ್ಯಾಯ. ಉತ್ತರ ಕರ್ನಾಟಕದ ನುಡಿಯ ಸೊಗಡು, ಸಿ. ಅಶ್ವಥ್ ಅವರ ಸಂಗೀತ, ಒರಟು ಗಂಡನಾಗಿಯೂ ಒಲಿದ ನಾಗನಾಗಿಯೂ ಒಂದೇ ಮುಖದಿಂದ ಎರಡು ಜೀವಗಳನ್ನು ತೋರಿದ ಪ್ರಕಾಶ್ ರೈ ಅವರ ಅಭಿನಯ, ಇವು ಮರೆಯುವಂಥವಲ್ಲ.

ಆದರೆ ಒಂದು ನಷ್ಟವೂ ಉಂಟು. ನಾಟಕವು ಪಾಳುಗುಡಿಯಲ್ಲಿ ಆರಂಭವಾಗುತ್ತದೆ. ತನ್ನ ನಾಟಕಗಳಿಂದ ಜನರನ್ನು ನಿದ್ರೆಗೆ ನೂಕಿದ ಲೇಖಕನು ಆ ರಾತ್ರಿ ಎಚ್ಚರವಾಗಿರದಿದ್ದರೆ ಸಾಯಬೇಕು. ಊರ ದೀಪಗಳ ಜ್ವಾಲೆಗಳು ಅಲ್ಲಿ ನೆರೆಯುತ್ತವೆ. ಕಥೆಯೇ ಹೆಣ್ಣಾಗಿ ಬಂದು ತನ್ನನ್ನು ಹೇಳಿಕೊಳ್ಳುತ್ತದೆ. ಚಿತ್ರವು ಈ ಚೌಕಟ್ಟನ್ನು ಕೈಬಿಟ್ಟಿದೆ. ಅದರಿಂದ ‘ಹೇಳಿದ ಕಥೆ’ ‘ನಡೆದ ಸಂಗತಿ’ಯಾಗಿಬಿಡುತ್ತದೆ. ನಾಟಕದಲ್ಲಿ ಜ್ವಾಲೆಗಳು ಒಪ್ಪದಿದ್ದಾಗ ಕಥೆಗೆ ಇನ್ನೊಂದು ಅಂತ್ಯ ದೊರೆಯುತ್ತದೆ: ಒಂದರಲ್ಲಿ ನಾಗನು ರಾಣಿಯ ಜಡೆಯಲ್ಲಿ ಪ್ರಾಣ ಬಿಡುತ್ತಾನೆ, ಇನ್ನೊಂದರಲ್ಲಿ ಅವಳ ಕೇಶರಾಶಿಯಲ್ಲಿಯೇ ಬದುಕಿ ಉಳಿಯುತ್ತಾನೆ. ತೀರ್ಪು ಕೇಳುವವನದು.

ಚಲನಚಿತ್ರಕ್ಕೆ ಈ ಸ್ವಾತಂತ್ರ್ಯ ಸುಲಭವಲ್ಲ. ವಿಜಯದಾನ ದೇಥಾ ಅವರ ರಾಜಸ್ಥಾನಿ ಕಥೆಯಲ್ಲಿಯೂ ಪರದೇಶಕ್ಕೆ ಹೋದ ಗಂಡನ ರೂಪವನ್ನು ಭೂತವೊಂದು ಧರಿಸುತ್ತದೆ. ಮಣಿ ಕೌಲರ ‘ದುವಿಧಾ’ (1973) ಭೂತವನ್ನು ತೊಗಲ ಚೀಲದಲ್ಲಿ ಬಂಧಿಸಿ ಹೆಣ್ಣನ್ನು ಮೌನಕ್ಕೆ ಒಪ್ಪಿಸಿತು. ಅಮೋಲ್ ಪಾಲೇಕರರ ‘ಪಹೇಲಿ’ (2005) ಭೂತವನ್ನು ಗಂಡನ ದೇಹದಲ್ಲಿಯೇ ಸೇರಿಸಿ ಸುಖಾಂತ್ಯ ಮಾಡಿತು. ಒಂದೇ ಕಥೆ, ಎರಡು ತೀರ್ಪು. ನಾಟಕಕಾರನು ಮಾತ್ರ ಎರಡನ್ನೂ ಒಂದೇ ಸಂಜೆ ಮುಂದಿಟ್ಟನು.

ಇನ್ನು ತಾಯಿಯ ಪ್ರಶ್ನೆ. ರಾಣಿಯು ಹುತ್ತದಲ್ಲಿ ಕೈಯಿಟ್ಟು, ಗಂಡನನ್ನೂ ಈ ಸರ್ಪವನ್ನೂ ಬಿಟ್ಟು ಬೇರೆ ಯಾರನ್ನೂ ಮುಟ್ಟಿಲ್ಲವೆಂದು ಆಣೆ ಮಾಡುತ್ತಾಳೆ. ಮಾತು ಅಕ್ಷರಶಃ ಸತ್ಯ. ಪಂಚರು ಅವಳ ಕಾಲಿಗೆ ಬೀಳುತ್ತಾರೆ. ಆದರೆ ಹೆಂಡತಿಯನ್ನು ಮನೆಯಲ್ಲಿ ಕೂಡಿ ಬೀಗ ಹಾಕಿ, ಮಧ್ಯಾಹ್ನದ ಊಟಕ್ಕೆ ಮಾತ್ರ ಬಂದು, ರಾತ್ರಿಯನ್ನು ಸೂಳೆಯ ಮನೆಯಲ್ಲಿ ಕಳೆದ ಅಪ್ಪಣ್ಣನನ್ನು ಯಾವ ಪಂಚನೂ ಹುತ್ತದ ಬಳಿಗೆ ಕರೆಯಲಿಲ್ಲ! ಅವಳನ್ನು ದೇವಿಯನ್ನಾಗಿಸಿದ್ದು ಗೌರವವೋ, ತಮ್ಮ ಅನ್ಯಾಯವನ್ನು ಮುಚ್ಚಿಕೊಳ್ಳುವ ಉಪಾಯವೋ? ಮನುಷ್ಯಳಾಗಿ ನ್ಯಾಯ ಕೊಡದವರು ದೇವಿಯಾಗಿ ಪೂಜೆ ಕೊಟ್ಟರೆ ಅದು ನ್ಯಾಯವಾದೀತೆ?

ಆದುದರಿಂದ ನಮ್ಮ ಉತ್ತರವಿಷ್ಟೆ: ತಾಯೀ, ಅವಶ್ಯವಾಗಿ ನೋಡಿರಿ, ಗಂಡುಮಕ್ಕಳನ್ನೂ ಕೂರಿಸಿಕೊಂಡು ನೋಡಿರಿ. ನಾಟಕವನ್ನೂ ಓದಿರಿ, ಜೆ. ಪಿ. ನಗರದ ರಂಗಶಂಕರದಂಥ ರಂಗಮಂದಿರದಲ್ಲಿ ಪ್ರಯೋಗವಾದರೆ ತಪ್ಪಿಸಿಕೊಳ್ಳಬೇಡಿರಿ. ಬಳಿಕ ಅಪ್ಪಣ್ಣನನ್ನು ಏಕೆ ಯಾರೂ ಕೇಳಲಿಲ್ಲವೆಂದು ಮಕ್ಕಳನ್ನು ಕೇಳಿರಿ. ಅವರು ಕೊಡುವ ಉತ್ತರದಲ್ಲಿ ನಿಮ್ಮ ಮನೆಯ ಸಂಸ್ಕಾರ ನಿಮಗೆ ತಿಳಿದೀತು.