ಜರ್ಮನ್ ಕಲಿಕೆ ಮತ್ತು ಕನ್ನಡದ ‘ಕೇಳು’

ಗುರುಮಠದ ವಿದ್ಯಾರ್ಥಿಯು ಪದವಿಯಲ್ಲಿ ಜರ್ಮನ್ ಭಾಷೆ ಮತ್ತು ಸಂಸ್ಕೃತಿಯನ್ನು ಉಪವಿಷಯವಾಗಿ ಆರಿಸಿಕೊಂಡಾಗ ಕೊಡುವ ಸಮರ್ಥನೆ ಸಾಮಾನ್ಯವಾಗಿ ಒಂದೇ: ದೈವಶಾಸ್ತ್ರದ ಮೂಲಗ್ರಂಥಗಳನ್ನು ಓದಬಹುದು. ಸಮರ್ಥನೆ ಸರಿಯಾದುದೇ, ಆದರೆ ಅರ್ಧದ್ದು.

ಕಾರ್ಲ್ ರಾನರ್ ಅವರ 1941ರ ಕೃತಿ ‘ಹ್ಯೋರರ್ ಡೆಸ್ ವೋರ್ಟೆಸ್’ ಅನ್ನು ಪರಿಶೀಲಿಸೋಣ. ಶೀರ್ಷಿಕೆಯ ಅರ್ಥ, ವಾಕ್ಯವನ್ನು ಕೇಳುವವನು. ಜರ್ಮನಿನಲ್ಲಿ ‘ಹ್ಯೋರೆನ್’ ಎಂದರೆ ಕೇಳುವುದು. ಅದಕ್ಕೆ ಬಂಧುವಾದ ‘ಗೆಹೋರ್ಖೆನ್’ ಎಂದರೆ ವಿಧೇಯನಾಗುವುದು. ಇಂಗ್ಲಿಷ್ ಅನುವಾದದಲ್ಲಿ ಈ ನಂಟು ಕಾಣದು. ಕನ್ನಡದಲ್ಲಾದರೋ ಅದು ನಿತ್ಯದ ನುಡಿ. ಸಿರುಗುಪ್ಪದ ತಾಯಿ ಮಗನಿಗೆ ‘ಮಾತು ಕೇಳು’ ಎಂದಾಗ ವಿಧೇಯತೆಯನ್ನೇ ಬಯಸುತ್ತಾಳೆ. ನಮ್ಮ ‘ಕೇಳು’ ಇನ್ನೂ ಒಂದು ಹೆಜ್ಜೆ ಮುಂದಿದೆ: ಪ್ರಶ್ನಿಸುವುದೂ ಅದೇ ಪದ. ಜರ್ಮನಿಗೆ ಅಲ್ಲಿ ‘ಫ್ರಾಗೆನ್’ ಎಂಬ ಬೇರೆ ಪದ ಬೇಕು. ಮನುಷ್ಯನು ಪ್ರಶ್ನಿಸುವವನಾಗಿದ್ದೇ ದೇವವಾಕ್ಯಕ್ಕೆ ತೆರೆದಿದ್ದಾನೆಂಬ ರಾನರ್ ವಾದವನ್ನು ಕನ್ನಡ ಒಂದೇ ಕ್ರಿಯಾಪದದಲ್ಲಿ ಹಿಡಿದಿಡುತ್ತದೆ. ಲೂಕನ ಶುಭಸಂದೇಶದಲ್ಲಿ ಮರಿಯಳು ದೂತನನ್ನು ಮೊದಲು ಪ್ರಶ್ನಿಸಿ, ಬಳಿಕ ಒಪ್ಪುತ್ತಾಳೆ, ಎರಡೂ ‘ಕೇಳು’ವುದೇ. ಪ್ರಶ್ನೆಯನ್ನು ಅವಿಧೇಯತೆಯೆಂದು ಭಾವಿಸುವ ಧರ್ಮಸಭೆಯ ಅಭ್ಯಾಸಕ್ಕೆ ಇದು ಗಂಭೀರ ಎಚ್ಚರಿಕೆ.

ಜರ್ಮನಿಯಿಂದ ಬಂದ ಫರ್ಡಿನೆಂಡ್ ಕಿಟೆಲ್ ಕನ್ನಡ ಛಂದಸ್ಸನ್ನು ಅರಗಿಸಿಕೊಂಡು 1862ರಲ್ಲಿ ‘ಕಥಾಮಾಲೆ’ಯಲ್ಲಿ ಕ್ರಿಸ್ತಕಥೆಯನ್ನು ಹಾಡಿದರು, 1894ರಲ್ಲಿ ನಿಘಂಟನ್ನು ಕೊಟ್ಟರು. ಅವರಿಗೆ ಪರಭಾಷೆ ಕೇವಲ ಉಪಕರಣವಾಗಿರಲಿಲ್ಲ. ನಮ್ಮ ಪಯಣ ಅದರ ವಿರುದ್ಧ ದಿಕ್ಕಿನದು; ಶಿಸ್ತು ಮಾತ್ರ ಅದೇ.

ಆದ್ದರಿಂದ ಜರ್ಮನ್ ಉಪವಿಷಯದ ನಿಜವಾದ ಪರೀಕ್ಷೆ ವ್ಯಾಕರಣದ ಅಂಕಗಳಲ್ಲಿಲ್ಲ. ಬಳ್ಳಾರಿಯಲ್ಲಿ ಕುಳಿತು ರಾನರ್ ಅವರನ್ನು ಓದಿದವನು ಕುರುಗೋಡಿನ ಭಕ್ತರಿಗೆ ಒಂದೂ ಜರ್ಮನ್ ಪದವಿಲ್ಲದೆ ಪ್ರಬೋಧನೆ ನೀಡಬಲ್ಲನೇ ಎಂಬುದರಲ್ಲಿದೆ.