ಕಾಗದದ ಗುರಿಗೆ ಎಷ್ಟು ಗೆರೆ ಬೇಕು?

ದೂರದ ಗುರಿಗೆಂದು ರೈಫಲ್ ಸ್ಕೋಪ್ ಕೊಳ್ಳುವವರು ಈಗ ಗಾಜು ಎಷ್ಟು ತಿಳಿ, ಟರೆಟ್ ತಿರುಗಿಸಿದಷ್ಟೇ ಸರಿಯುತ್ತದೆಯೇ ಎಂದು ಕೇಳುವ ಮೊದಲು ಒಳಗಿನ ಗೆರೆಗಳನ್ನು ಕೇಳುತ್ತಾರೆ. ರೆಟಿಕಲ್‌ನಲ್ಲಿ ಗೆರೆ ಹೆಚ್ಚಿದಷ್ಟೂ ಸ್ಕೋಪ್ ಮೇಲ್ತರಗತಿಯದು ಎಂಬ ಭಾವನೆ ಬೆಳೆದಿದೆ. ನಡುಗೆರೆಯ ಕೆಳಗೆ ಸಾಲು ಸಾಲಾಗಿ ಅಗಲವಾಗುತ್ತ ಇಳಿಯುವ ಚುಕ್ಕಿಗಳೂ ಅಂಕಿಗಳೂ ತುಂಬಿದ ‘ಕ್ರಿಸ್‌ಮಸ್ ಟ್ರೀ’ ಮಾದರಿಗೆ ಇಂದು ಇರುವ ಮೋಹ ಅಲ್ಲಿಂದಲೇ ಬಂದದ್ದು. ಎಷ್ಟು ಮೀಟರ್ ಎಂದು ಮೊದಲೇ ಗೊತ್ತಿರುವ ಕಾಗದದ ಗುರಿಗೆ ಆ ಮರ ಬೇಡ, ಅದು ಅಡ್ಡಿಯೂ ಹೌದು ಎಂಬುದು ನನ್ನ ಖಚಿತ ಅಭಿಪ್ರಾಯ.

ನಮ್ಮ ಮೈಸೂರಿನ ಮಟ್ಟಿಗೆ ಬಂದೂಕಿನ ನೆನಪು ಬಹುಪಾಲು ಬೇಟೆಯದು. ಹೊಡೆದ ಹುಲಿ, ಚಿರತೆಗಳು ದೇಶದ ನಾನಾ ಕಡೆಯಿಂದ ಈ ಊರಿನ ವ್ಯಾನ್ ಇಂಗೆನ್ ಕಾರ್ಖಾನೆಗೆ ಬಂದು, ಚರ್ಮ ಹದವಾಗಿ, ತಲೆಗೆ ಗಾಜಿನ ಕಣ್ಣು ಕೂತು ಹಿಂತಿರುಗುತ್ತಿದ್ದವು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯೊಂದಿಗೆ ಆ ಅಧ್ಯಾಯ ಮುಗಿಯಿತು, ಮುಗಿದದ್ದೇ ಒಳ್ಳೆಯದಾಯಿತು. ಆದರೆ ಬೇಟೆಯ ಕಾಲದ ರೆಟಿಕಲ್‌ಗಳಿಗೆ ಅವುಗಳದೇ ತರ್ಕವಿತ್ತು. ಮುಸ್ಸಂಜೆಯಲ್ಲಿ, ಪೊದೆಯ ಕತ್ತಲಲ್ಲಿ ಸಣ್ಣ ಗೆರೆ ಕಣ್ಣಿಗೆ ಸಿಗುವುದಿಲ್ಲ. ಅದಕ್ಕೇ ಜರ್ಮನ್ ಸ್ಕೋಪ್‌ಗಳಲ್ಲಿ ಗೂಟದಂಥ ದಪ್ಪ ಕಡ್ಡಿಗಳಿದ್ದವು. 1962ರಲ್ಲಿ ಅಮೆರಿಕದ ಲ್ಯೂಪೋಲ್ಡ್ ಕಂಪನಿ ತಂದ ಡ್ಯುಪ್ಲೆಕ್ಸ್ ಇದಕ್ಕೊಂದು ರಾಜಿ ಹುಡುಕಿತು: ಅಂಚಿನಲ್ಲಿ ದಪ್ಪ, ನಡುವಿನಲ್ಲಿ ತೆಳು. ಅಂಚಿನ ದಪ್ಪ ಕಣ್ಣನ್ನು ನಡುವಿಗೆ ಎಳೆದು ತರುತ್ತದೆ, ಗುಂಡು ತಾಗುವ ಜಾಗವನ್ನು ತೆಳುಗೆರೆ ತೋರಿಸುತ್ತದೆ. ಬೇಟೆಯ ಸ್ಕೋಪ್‌ಗೆ ಇದಕ್ಕಿಂತ ಬುದ್ಧಿವಂತಿಕೆಯ ಗೆರೆ ಬೇಕಿರಲಿಲ್ಲ.

ಪಕ್ಕದ ಕೊಡಗಿನ ಕಥೆ ಬೇರೆ. ಕೈಲ್ ಪೊಳ್ದ್ ಹಬ್ಬದಲ್ಲಿ ಎತ್ತರದ ಮರಕ್ಕೆ ಕಟ್ಟಿದ ತೆಂಗಿನಕಾಯಿಗೆ ಗುಂಡು ಹೊಡೆಯುವವರಿಗೆ ದುರ್ಬೀನಿನ ನೆನಪೂ ಬರುವುದಿಲ್ಲ. ನಳಿಗೆಯ ತುದಿಯ ಮಣಿ, ಕಾಯಿ, ಎರಡರ ನಡುವೆ ಕಣ್ಣು. ಮೈಸೂರಿನ ಹುಡುಗ ಹುಡುಗಿಯರು ಎನ್‌ಸಿಸಿಯಲ್ಲಿ .22 ರೈಫಲ್ ಹಿಡಿಯುವಾಗಲೂ ಸ್ಕೋಪ್ ಇರುವುದಿಲ್ಲ. 10 ಮೀಟರ್ ಏರ್ ರೈಫಲ್ ಕಲಿಯುವವರು ಡಯಾಪ್ಟರ್‌ನ ಸಣ್ಣ ರಂಧ್ರದಲ್ಲಿ ನೋಡಿ, ಮುಂದಿನ ಉಂಗುರದೊಳಗೆ ಗುರಿಯ ಕಪ್ಪನ್ನು ಕೂರಿಸುತ್ತಾರೆ. ಅಂತರರಾಷ್ಟ್ರೀಯ ಶೂಟಿಂಗ್ ಒಕ್ಕೂಟವಾದ ಐಎಸ್‌ಎಸ್‌ಎಫ್ ನಿಯಮದಲ್ಲಿ 10, 50, 300 ಮೀಟರ್ ರೈಫಲ್ ಸ್ಪರ್ಧೆಗಳಿಗೆ ದುರ್ಬೀನು ನಿಷಿದ್ಧ. ಓಡುವ ಗುರಿಯ ಸ್ಪರ್ಧೆಗೆ ಮಾತ್ರ ವಿನಾಯಿತಿ.

ಹಾಗಾಗಿ ನಮ್ಮಲ್ಲಿ ಸ್ಕೋಪ್‌ಗೆ ಬರುವವರು ಹೆಚ್ಚಾಗಿ ಉಂಗುರದಲ್ಲೋ ಮಣಿಯಲ್ಲೋ ಪಳಗಿ ಬಂದವರು. ಈ ಹಿನ್ನೆಲೆಯನ್ನು ಕೊರತೆಯೆಂದು ನೋಡುವುದು ತಪ್ಪು. ಡಯಾಪ್ಟರ್ ಕಲಿಸುವ ಬಹುಮುಖ್ಯ ಪಾಠವೆಂದರೆ ಗುರಿಯನ್ನು ಮುಚ್ಚಬಾರದು ಎಂಬುದು. ಕಪ್ಪಿನ ಸುತ್ತ ಎಲ್ಲ ಕಡೆಯೂ ಸಮನಾಗಿ ಬಿಳಿ ಕಾಣುತ್ತಿದ್ದರೆ ಮಧ್ಯ ಎಲ್ಲಿದೆಯೆಂದು ಕಣ್ಣು ತಾನಾಗಿ ಕಂಡುಕೊಳ್ಳುತ್ತದೆ. ಹತ್ತು ಸಾವಿರ, ಇಪ್ಪತ್ತು ಸಾವಿರ ಗುಂಡು ಹಾರಿಸಿ ಹೀಗೆ ತಿದ್ದಿಕೊಂಡ ಕಣ್ಣಿನ ಮುಂದೆ ಅಂಕಿ, ಚುಕ್ಕಿ, ಕವಲುಗಳ ಗುಂಪನ್ನು ತಂದು ನಿಲ್ಲಿಸುವುದೆಂದರೆ ಕಲಿತದ್ದನ್ನು ಕಳೆದುಕೊಳ್ಳಲು ದುಡ್ಡು ಕೊಟ್ಟಂತೆ.

ದುರ್ಬೀನಿನೊಳಗಿನ ಎಳೆಗೂ ಈ ಸೀಮೆಗೂ ಇರುವ ನಂಟು ಬೇಟೆಗಿಂತ ಗಂಭೀರವಾದದ್ದು, ಅದನ್ನು ಇಲ್ಲಿ ಹೇಳಲೇಬೇಕು. 1799ರ ಶ್ರೀರಂಗಪಟ್ಟಣದ ಯುದ್ಧದಲ್ಲಿದ್ದ ವಿಲಿಯಂ ಲ್ಯಾಂಬ್ಟನ್ ಎಂಬ ಬ್ರಿಟಿಷ್ ಅಧಿಕಾರಿ, ಟಿಪ್ಪುವಿನ ಪತನದ ಬೆನ್ನಿಗೇ ಪರ್ಯಾಯದ್ವೀಪವನ್ನು ತ್ರಿಕೋನಗಳಲ್ಲಿ ಅಳೆಯುವ ಯೋಜನೆ ಮುಂದಿಟ್ಟ. 1800ರಲ್ಲಿ ಬೆಂಗಳೂರಿನ ಬಳಿ ಮೊದಲ ಆಧಾರರೇಖೆ ಅಳೆದ. 1802ರಲ್ಲಿ ಮದ್ರಾಸಿನಲ್ಲಿ ಶುರುವಾದ ಮಹಾ ತ್ರಿಕೋನಮಿತಿ ಸರ್ವೆಗೆ ಅದು ಮುನ್ನುಡಿ. ಅರ್ಧ ಟನ್ ತೂಕದ ಅವನ ಥಿಯೋಡೊಲೈಟ್ ಮೈಲುಗಟ್ಟಲೆ ದೂರದ ಗುರುತಿಗೆ ನೆಡುತ್ತಿದ್ದುದು ಒಂದು ದುರ್ಬೀನನ್ನು. ಆ ಶತಮಾನದ ಸರ್ವೆ ಉಪಕರಣಗಳಲ್ಲಿ ಅಡ್ಡಗೆರೆಯಾಗಿ ಜೇಡರ ಬಲೆಯ ಎಳೆಯನ್ನೇ ಬಿಗಿಯುತ್ತಿದ್ದರು. ಎಳೆ ದಪ್ಪವಾದಷ್ಟೂ ದೂರದ ಗುರುತು ಅದರ ಹಿಂದೆ ಅಡಗುತ್ತದೆ, ಕೋನ ತಪ್ಪುತ್ತದೆ ಎಂಬುದು ಅವರಿಗೆ ಗೊತ್ತಿತ್ತು.

ದೂರ ಅಳೆಯುವ ಗೆರೆಗಳೂ ಸರ್ವೆಯವರಿಗೆ ಹಳೆಯ ಪರಿಚಯ. ಮೈಸೂರಿನ ಎನ್‌ಐಇಯಲ್ಲೋ ಎಸ್‌ಜೆಸಿಇಯಲ್ಲೋ ಸಿವಿಲ್ ಓದಿದವರನ್ನು ಕೇಳಿ, ಸ್ಟೇಡಿಯಾ ಗೆರೆಗಳ ಬಗ್ಗೆ ಹೇಳುತ್ತಾರೆ. ಮೇಲಿನ ಗೆರೆಗೂ ಕೆಳಗಿನ ಗೆರೆಗೂ ನಡುವೆ ಅಳತೆಕೋಲಿನಲ್ಲಿ ಕಂಡ ಉದ್ದವನ್ನು 100ರಿಂದ ಗುಣಿಸಿದರೆ ದೂರ ಸಿಗುತ್ತದೆ. ಸ್ಕೋಪ್‌ನ ಮಿಲ್ ಚುಕ್ಕಿಯೂ ಇದೇ ಲೆಕ್ಕ, ಅನುಪಾತ ಮಾತ್ರ 1000ಕ್ಕೆ ಒಂದು: 100 ಮೀಟರಿಗೆ ಒಂದು ಮಿಲ್ ಎಂದರೆ 10 ಸೆಂಟಿಮೀಟರ್. ಗುರಿ ಎಷ್ಟು ದೂರವಿದೆಯೆಂದು ಗೊತ್ತಿಲ್ಲದ ಸೈನಿಕನಿಗೆ ಈ ಲೆಕ್ಕ ಪ್ರಾಣ ಉಳಿಸಬಹುದು. ಆದರೆ ರೇಂಜಿನಲ್ಲಿ ದೂರವನ್ನು ಟೇಪು ಹಿಡಿದು ಅಳೆದಾಗಿದೆ, ಫಲಕದ ಮೇಲೆ ಬರೆದೂ ಇದೆ. ಗೊತ್ತಿರುವ ದೂರವನ್ನು ಮತ್ತೆ ಅಳೆಯಲು ಗೆರೆಗಳೇಕೆ?

ಈಗ ಕಾಗದಕ್ಕೇ ಬರೋಣ. ನಮ್ಮ ರಾಷ್ಟ್ರೀಯ ಸ್ಪರ್ಧೆಗಳಲ್ಲಿ ದೊಡ್ಡ ಬೋರಿನ ರೈಫಲ್‌ಗೆ ಇರುವ ದೂರ 300 ಮೀಟರ್. ಆ ಸ್ಪರ್ಧೆಯಲ್ಲಿ ಸ್ಕೋಪ್ ಇಲ್ಲದಿದ್ದರೂ ಲೆಕ್ಕಕ್ಕೆ ಅದರ ಕಾಗದವನ್ನೇ ಹಿಡಿಯೋಣ. ಆ ಗುರಿಯ ಹತ್ತರ ವೃತ್ತ 10 ಸೆಂಟಿಮೀಟರ್ ಅಗಲ. ಅಲ್ಲಿಂದ ಹೊರಗೆ ಪ್ರತಿ ವೃತ್ತವೂ ಎರಡೂ ಬದಿಗೆ 5 ಸೆಂಟಿಮೀಟರ್ ಹಿಗ್ಗುತ್ತದೆ. 0.05 ಮಿಲ್ ದಪ್ಪದ ಗೆರೆ ಆ ದೂರದಲ್ಲಿ ಒಂದೂವರೆ ಸೆಂಟಿಮೀಟರ್ ಮುಚ್ಚುತ್ತದೆ. ಅದೇ 0.03 ಮಿಲ್ ಆದರೆ 9 ಮಿಲಿಮೀಟರ್, ಹೆಚ್ಚುಕಡಿಮೆ ಗುಂಡು ಮಾಡುವ ತೂತಿನಷ್ಟೇ. ವಿದೇಶಗಳ ಎಫ್-ಕ್ಲಾಸ್ ಸ್ಪರ್ಧೆ 1000 ಗಜದವರೆಗೂ ಹೋಗುತ್ತದೆ, ಸ್ಕೋಪ್‌ಗೂ ಅನುಮತಿಯಿದೆ. ಅಲ್ಲಿ ಹತ್ತರ ವೃತ್ತ 10 ಇಂಚು, ಅದರೊಳಗಿನ ಎಕ್ಸ್ ವೃತ್ತ 5 ಇಂಚು. ಆ ಸ್ಪರ್ಧಿಗಳಲ್ಲಿ ಅನೇಕರು ಬಯಸುವುದು ಕೂದಲೆಳೆಯಂಥ ಅಡ್ಡಗೆರೆ, ನಡುವೆ ಎಂಟನೇ ಒಂದು ಎಂಒಎ (ಮಿನಿಟ್ ಆಫ್ ಆ್ಯಂಗಲ್ ಎಂಬ ಕೋನದ ಮಾನ) ಗಾತ್ರದ ಚುಕ್ಕಿ. 1000 ಗಜದಲ್ಲಿ ಆ ಚುಕ್ಕಿ ಮುಚ್ಚುವುದು ಸುಮಾರು 1.3 ಇಂಚು. ಎಕ್ಸ್ ವೃತ್ತದ ಒಳಗೂ ಚುಕ್ಕಿಯ ಸುತ್ತ ಜಾಗ ಉಳಿಯುತ್ತದೆ. ಡಯಾಪ್ಟರ್ ಕಲಿಸಿದ ಪಾಠವೇ ಇಲ್ಲಿ ಇನ್ನೊಂದು ರೂಪದಲ್ಲಿ ಬಂದಿದೆ.

ಗಾಳಿಗೆ ಬದಿಗೆ ಹಿಡಿಯಲು ಅಳತೆಯ ಗೆರೆ ಬೇಡವೇ ಎಂಬ ಪ್ರಶ್ನೆ ಬರುತ್ತದೆ, ಪ್ರಶ್ನೆ ನ್ಯಾಯವಾದದ್ದೇ. ಆದರೆ ಗುರಿಯ ಕಾಗದದ ಮೇಲೇ ಒಂದು ಅಳತೆಪಟ್ಟಿಯಿದೆ. 300 ಮೀಟರಿನಲ್ಲಿ ಎಡದಿಂದ ಬೀಸುವ ಗಾಳಿ ಗುಂಡನ್ನು 15 ಸೆಂಟಿಮೀಟರ್ ತಳ್ಳುತ್ತದೆಂದು ಅಂದಾಜಾದರೆ ಮಧ್ಯಬಿಂದುವಿನಿಂದ ಎಡಕ್ಕೆ ಮೂರನೇ ವೃತ್ತದ ಅಂಚಿಗೆ ಚುಕ್ಕಿಯನ್ನಿಟ್ಟರಾಯಿತು. ಎತ್ತರವನ್ನು ಟರೆಟ್‌ನಲ್ಲಿ ತಿರುಗಿಸಿ, ಗಾಳಿಯನ್ನು ವೃತ್ತಗಳ ಮೇಲೆ ಹಿಡಿಯುವುದು ಕಾಗದದ ಗುರಿಯವರ ಹಳೆಯ ಪದ್ಧತಿ. ಕಣ್ಣು ಗುರಿಯಲ್ಲೇ ನಿಲ್ಲುತ್ತದೆ, ಗೆರೆಗಳನ್ನು ಎಣಿಸುತ್ತ ಅಲೆಯುವುದಿಲ್ಲ. ನಾನು ಇದರ ಪರ.

ಇದರ ಜೊತೆಗೇ ಬರುವ ಜಗಳ ರೆಟಿಕಲ್ ಯಾವ ಫೋಕಲ್ ಪ್ಲೇನ್‌ನಲ್ಲಿರಬೇಕೆಂಬುದು. ಮೊದಲ ಫೋಕಲ್ ಪ್ಲೇನ್‌ನಲ್ಲಿದ್ದರೆ ಝೂಮ್ ಮಾಡಿದಂತೆ ಗೆರೆಯೂ ದಪ್ಪವಾಗಿ ಕಾಣುತ್ತದೆ, ಅಳತೆ ಮಾತ್ರ ಎಂದೂ ತಪ್ಪುವುದಿಲ್ಲ. ಎರಡನೆಯದರಲ್ಲಿದ್ದರೆ ಕಣ್ಣಿಗೆ ಗೆರೆ ಒಂದೇ ದಪ್ಪ. ಝೂಮ್ ಹೆಚ್ಚಿಸಿದಷ್ಟೂ ಅದು ಗುರಿಯನ್ನು ಮುಚ್ಚುವುದು ಕಡಿಮೆ. ಗೊತ್ತಿರುವ ದೂರದ ಕಾಗದಕ್ಕೆ ಎರಡನೆಯದೇ ಸರಿ ಎನ್ನುತ್ತೇನೆ, ಒಂದು ಎಚ್ಚರಿಕೆಯೊಂದಿಗೆ. ಮಾರ್ಚ್, ಏಪ್ರಿಲ್‌ನಲ್ಲಿ ಮೈಸೂರು ಸೀಮೆಯ ಬಯಲು ಹತ್ತು ಗಂಟೆಗೇ ಕಾಯಲು ಶುರು. 40 ಪಟ್ಟು ಹಿಗ್ಗಿಸಿದ ಸ್ಕೋಪ್‌ನಲ್ಲಿ ಬಿಸಿಲ್ಗುದುರೆ ಕುಣಿದು ವೃತ್ತಗಳೆಲ್ಲ ನೀರಿನಡಿಯಲ್ಲಿದ್ದಂತೆ ಕದಡುತ್ತವೆ. ಆಗ ಶೂಟರ್ ಝೂಮ್ ಇಳಿಸಲೇಬೇಕಾಗುತ್ತದೆ. 40 ಪಟ್ಟಿನಲ್ಲಿ ಒಂದು ಎಂಒಎ ಆಗಿದ್ದ ಗೆರೆ 20 ಪಟ್ಟಿಗಿಳಿದಾಗ ಎರಡು ಎಂಒಎ ಆಗಿಬಿಡುತ್ತದೆ. ಅಳತೆಗೆರೆಯನ್ನು ನಂಬಿದವನ ಲೆಕ್ಕ ತಲೆಕೆಳಗು. ಚುಕ್ಕಿ ಮತ್ತು ವೃತ್ತ ನಂಬಿದವನಿಗೆ ಹಿಡಿಯುವ ಜಾಗ ಬದಲಾಗುವುದಿಲ್ಲ, ಕಾಗದದ ವೃತ್ತ ಝೂಮಿನ ಹಂಗಿನಲ್ಲಿಲ್ಲವಲ್ಲ. ಅಳತೆಗೆರೆಯಿಲ್ಲದೆ ಆಗುವುದೇ ಇಲ್ಲ ಎನ್ನುವವರು ಮೊದಲ ಫೋಕಲ್ ಪ್ಲೇನ್‌ನದನ್ನೇ ಕೊಳ್ಳಲಿ, ಆದರೆ ನಡುವೆ ತೆರೆದ ಜಾಗವಿರುವ, 0.03 ಮಿಲ್ ಆಸುಪಾಸಿನ ಗೆರೆಯದನ್ನು.

ಮಿಲ್ಲೋ ಎಂಒಎಯೋ ಎಂಬ ವಾದಕ್ಕೆ ಹೆಚ್ಚು ಸಮಯ ಬೇಡ. ರೆಟಿಕಲ್ ಮತ್ತು ಟರೆಟ್ ಒಂದೇ ಮಾನದಲ್ಲಿರಬೇಕು, ಅಷ್ಟೆ. ಗಮನಿಸಬೇಕಾದ್ದು ಒಂದು ಕ್ಲಿಕ್‌ನ ಹೆಜ್ಜೆ. 0.1 ಮಿಲ್ ಕ್ಲಿಕ್ 300 ಮೀಟರಿನಲ್ಲಿ 3 ಸೆಂಟಿಮೀಟರ್ ಸರಿಸುತ್ತದೆ, ಕಾಲು ಎಂಒಎ ಕ್ಲಿಕ್ ಸುಮಾರು 2.2, ಎಂಟನೇ ಒಂದು ಎಂಒಎ ಸುಮಾರು 1.1. ಹತ್ತರ ವೃತ್ತದ ನಡುವಿಗೇ ಗುಂಪು ಕೂರಿಸಬೇಕೆಂಬ ಹಟವಿದ್ದರೆ ಕೊನೆಯದೇ ಬೇಕು.

ಕ್ರಿಸ್‌ಮಸ್ ಟ್ರೀಯನ್ನು ಪೂರ್ತಿ ತಳ್ಳಿಹಾಕುತ್ತಿಲ್ಲ. ದೂರ ಬೇರೆಬೇರೆಯಿರುವ ಉಕ್ಕಿನ ಫಲಕಗಳಿಗೆ, ಗಡಿಯಾರ ಓಡುತ್ತಿರುವಾಗ ಒಂದರ ಹಿಂದೊಂದು ಹೊಡೆಯಬೇಕಾದ ಸ್ಪರ್ಧೆಗಳಲ್ಲಿ ಟರೆಟ್ ತಿರುಗಿಸಲು ಪುರಸೊತ್ತಿರುವುದಿಲ್ಲ. ಅಲ್ಲಿ ಕೆಳಗಿನ ಚುಕ್ಕಿಗಳೇ ಆಸರೆ, ಮೊದಲ ಗುಂಡು ತಪ್ಪಿದ್ದೆಷ್ಟೆಂದು ಅಳೆದು ಎರಡನೆಯದನ್ನು ತಿದ್ದಲೂ ಅವೇ ಬೇಕು. ಅದು ಆ ಆಟದ ಸಲಕರಣೆ. ಒಂದೇ ದೂರ, ಒಂದೇ ಕಾಗದ, ಉಸಿರು ಹಿಡಿದು ಕಾಯುವ ಆಟಕ್ಕೆ ಅದನ್ನು ತರುವುದಕ್ಕೆ ನನ್ನ ತಕರಾರು.

ಬರೀ ಚುಕ್ಕಿಯಷ್ಟೇ ಇದ್ದು ಗೆರೆಯೇ ಇಲ್ಲದ ರೆಟಿಕಲ್‌ಗಳನ್ನೂ ನಾನು ಒಪ್ಪುವುದಿಲ್ಲ. ಅಡ್ಡವಾಗಿ ಅಂಚಿನಿಂದ ಅಂಚಿಗೆ ಹೋಗುವ ಗೆರೆ ರೈಫಲ್ ಒಂದು ಬದಿಗೆ ವಾಲಿದೆಯೇ ಎಂದು ಹೇಳುವ ಸಾಕ್ಷಿ. 1000 ಮೀಟರಿಗೆ 10 ಮಿಲ್ ಎತ್ತರ ಏರಿಸಿರುವಾಗ ರೈಫಲ್ ಒಂದೇ ಒಂದು ಡಿಗ್ರಿ ವಾಲಿದರೂ ಗುಂಡು 17 ಸೆಂಟಿಮೀಟರಿಗಿಂತ ಹೆಚ್ಚು ಬದಿಗೆ ಹೋಗುತ್ತದೆ. ಗಾಳಿಯನ್ನು ಬೈಯುತ್ತ ಕೂರುವ ಎಷ್ಟೋ ತಪ್ಪುಗಳ ಮೂಲ ಇದು. ಗುರಿಯ ಚೌಕಟ್ಟಿನ ಅಂಚಿಗೆ ಈ ಗೆರೆಯನ್ನು ಸಮ ಹಿಡಿಯಬಹುದು. ಸ್ಕೋಪ್ ಕೂರಿಸುವಾಗಲೇ ತೂಗುಗುಂಡಿನ ದಾರಕ್ಕೆ ನಿಂತಗೆರೆಯನ್ನು ಹೊಂದಿಸಿ ಬಿಗಿಯಬೇಕು. ಇಷ್ಟಾದ ಮೇಲೆ ಸ್ಕೋಪನ್ನು ಖಾಲಿ ಆಕಾಶದ ಕಡೆ ಹಿಡಿದು, ಗೆರೆ ಒಮ್ಮೆಗೇ ಕಪ್ಪಾಗಿ, ಚೂಪಾಗಿ ಕಾಣುವವರೆಗೆ ಐಪೀಸನ್ನು ತಿರುಗಿಸಿ, ಆಮೇಲೆ ಬದಿಯ ಗುಂಡಿಯಲ್ಲಿ ಪ್ಯಾರಲಾಕ್ಸ್ ಸರಿಮಾಡಬೇಕು. ಈ ಅನುಕ್ರಮ ತಪ್ಪಿದರೆ ಎಷ್ಟೇ ತೆಳುವಾದ ಗೆರೆಯೂ ಕಣ್ಣು ಅಲುಗಿದಂತೆ ಗುರಿಯ ಮೇಲೆ ಅಲುಗುತ್ತದೆ.